ಪ್ರದರ್ಶನದ ಹಿಂದಿನ ದಿನ: ಹವ್ಯಾಸಿ ನಾಟಕ ತಂಡಗಳಿಗೊಂದು ಬಹಿರಂಗ ಪತ್ರ

ಕನ್ನಡ ನಾಡಿನ ಹವ್ಯಾಸಿ ನಾಟಕ ತಂಡಗಳ ನಿರ್ದೇಶಕರೂ ಸಂಚಾಲಕರೂ ಆದ ಮಾನ್ಯರಲ್ಲಿ,



ತಮ್ಮಲ್ಲಿ ಅನೇಕರ ನಾಟಕಗಳಿಗೆ ದೀಪಗಳನ್ನು ಕಟ್ಟಿ, ಸಜ್ಜಿಕೆಗಳನ್ನು ನಿಲ್ಲಿಸಿ, ವಿಂಗಿನ ಮರೆಯಲ್ಲಿ ನಿಂತು ಕ್ಯೂಗಳನ್ನು ಕೊಡುತ್ತ ಬಾಳಿನ ಬಹುಭಾಗವನ್ನು ಕಳೆದಿರುವ ನಾನು, ಒಂದು ವಿಷಯವನ್ನು ಒಬ್ಬೊಬ್ಬರೊಡನೆ ಪ್ರತ್ಯೇಕವಾಗಿ ಪ್ರಸ್ತಾಪಿಸಿ ನೋಡಿ, ಅದು ಆಯಾ ದಿನದ ಗಡಿಬಿಡಿಯಲ್ಲಿ ಮರೆತುಹೋಗುವುದನ್ನು ಕಂಡು, ಈಗ ಎಲ್ಲರ ಮುಂದೆಯೂ ಒಟ್ಟಿಗೆ ಇಡುವುದೇ ಮೇಲೆಂದು ನಿಶ್ಚಯಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ನನ್ನ ಬೇಡಿಕೆ ಒಂದೇ. ಪ್ರದರ್ಶನದ ಹಿಂದಿನ ದಿನ ರಂಗಮಂದಿರವನ್ನು ನೇಪಥ್ಯದವರ ಕೈಗೆ ಒಪ್ಪಿಸಿರಿ. ಆ ದಿನ ಸಂಜೆ ನಟವರ್ಗವೆಲ್ಲ ನಮ್ಮೊಡನಿದ್ದು ತಾಂತ್ರಿಕ ತಾಲೀಮೊಂದು ಮೊದಲಿನಿಂದ ಕೊನೆಯವರೆಗೆ ನಡೆಯುವಂತೆ ಏರ್ಪಾಟು ಮಾಡಿರಿ. ಇಷ್ಟನ್ನು ಕೇಳುವುದಕ್ಕೆ ಇಷ್ಟು ದೊಡ್ಡ ಪತ್ರ ಏಕೆಂದರೆ, ಈ ಒಂದು ದಿನದ ಅಭಾವದಿಂದ ನಮ್ಮ ನಾಟಕಗಳು ಏನನ್ನು ಕಳೆದುಕೊಳ್ಳುತ್ತಿವೆ ಎಂಬುದು ಸಭಾಂಗಣದಲ್ಲಿ ಕುಳಿತವರಿಗೆ ಕಾಣಿಸದು, ರಂಗದ ಮೇಲೆ ನಿಂತವರಿಗೂ ಪೂರ್ತಿ ಕಾಣಿಸದು. ಹಿಂದೆ ನಿಂತವರಿಗೆ ಮಾತ್ರ ಕಾಣಿಸುವುದು.

ಈಗ ರೂಢಿಯಲ್ಲಿರುವ ಕ್ರಮವು ತಮಗೆ ತಿಳಿಯದುದಲ್ಲ. ಎರಡು ತಿಂಗಳೋ ಮೂರು ತಿಂಗಳೋ ಯಾವುದಾದರೊಂದು ಶಾಲೆಯ ಕೊಠಡಿಯಲ್ಲಿ, ಮನೆಯ ತಾರಸಿಯ ಮೇಲೆ, ಇಲ್ಲವೆ ಸಂಘದ ಕಚೇರಿಯ ಹಿಂದಣ ಅಂಗಳದಲ್ಲಿ ತಾಲೀಮು ನಡೆದು, ಮಾತು ಬಾಯಿಗೆ ಬಂದು, ಚಲನೆ ಕಾಲಿಗೆ ಹತ್ತಿ, ನಾಟಕವು ಪಕ್ವವಾಯಿತೆಂದು ಎಲ್ಲರಿಗೂ ತೋರಿದಮೇಲೆ ರಂಗಮಂದಿರವನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿಯುವುದಾಗುತ್ತದೆ. ಆ ಬೆಳಗ್ಗೆ ಸಜ್ಜಿಕೆಯನ್ನು ಹೇರಿಕೊಂಡ ಟೆಂಪೋ ಹಿಂಬಾಗಿಲಿಗೆ ಬರುವ ವೇಳೆಗೆ ಹಿಂದಿನ ಸಂಜೆಯ ಸಮಾರಂಭದ ಕುರ್ಚಿಗಳೂ ಬ್ಯಾನರೂ ರಂಗದ ಮೇಲೆಯೇ ಇರುತ್ತವೆ. ಅವನ್ನು ತೆಗೆಯಿಸಿ, ನೆಲ ಗುಡಿಸಿ, ಲೆವೆಲ್ಲುಗಳನ್ನು ಜೋಡಿಸಿ, ಫ್ಲ್ಯಾಟುಗಳನ್ನು ನಿಲ್ಲಿಸಿ ಮೊಳೆ ಹೊಡೆಯುವುದರೊಳಗಾಗಿ ಮಧ್ಯಾಹ್ನವು ಮೀರುತ್ತದೆ. ಬಡಗಿಗೆ ರಂಗದ ಮೇಲೆ ತುಂಬು ಬೆಳಕು ಬೇಕು. ದೀಪಗಳನ್ನು ಫೋಕಸ್ ಮಾಡುವವನಿಗೆ ಕತ್ತಲೆ ಬೇಕು. ಧ್ವನಿಯನ್ನು ಹೊಂದಿಸುವವನಿಗೆ ನಿಶ್ಶಬ್ದ ಬೇಕು. ನಿರ್ದೇಶಕರಿಗೆ ತಮ್ಮ ನಟರನ್ನು ಒಮ್ಮೆಯಾದರೂ ಆ ನೆಲದ ಮೇಲೆ ನಡೆದಾಡಿಸಬೇಕು. ಇವೆಲ್ಲವೂ ಒಂದೇ ರಂಗದ ಮೇಲೆ ಒಂದೇ ಅಪರಾಹ್ನದಲ್ಲಿ ನೆರವೇರಬೇಕಾಗಿ ಬಂದು, ಯಾವುದೂ ಸಮರ್ಪಕವಾಗಿ ನೆರವೇರದೆ, ನಾಲ್ಕು ಗಂಟೆಗೆ ಪ್ರಸಾಧನದವರು ನಟರನ್ನು ಗ್ರೀನ್ ರೂಮಿಗೆ ಕರೆದೊಯ್ಯುತ್ತಾರೆ. ಕೈಬಿಟ್ಟುಹೋಗುವುದು ಪ್ರತಿ ಬಾರಿಯೂ ತಾಂತ್ರಿಕ ತಾಲೀಮು. ನಾಟಕದ ಬೆಳಕು, ಧ್ವನಿ, ದೃಶ್ಯ ಬದಲಾವಣೆಗಳೆಲ್ಲ ಒಂದಕ್ಕೊಂದು ಮೊತ್ತಮೊದಲು ಸಂಧಿಸುವುದು ಹಣ ಕೊಟ್ಟು ಬಂದ ಪ್ರೇಕ್ಷಕರ ಎದುರಿನಲ್ಲಿ.

ಇದರ ಮೇಲೆ ಸಭಾಕಾರ್ಯಕ್ರಮವೊಂದು ಬರುತ್ತದೆ. ಅತಿಥಿಗಳನ್ನು ಗೌರವಿಸುವುದು ನಮ್ಮ ನಾಡಿನ ಸದ್ವಾಡಿಕೆ. ಅದನ್ನು ನಾನು ಆಕ್ಷೇಪಿಸುವವನಲ್ಲ. ಆದರೆ ನಾಟಕಕ್ಕೆ ಮುಂಚೆ ಅದೇ ಸಜ್ಜಿಕೆಯ ನಡುವೆ ಆರು ಕುರ್ಚಿಗಳನ್ನು ಹಾಕಿ, ದೀಪಸ್ತಂಭವನ್ನು ತಂದಿಟ್ಟು, ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿಗಳನ್ನು ಹೊತ್ತವರು ವಿಂಗುಗಳೊಳಗಿಂದ ಓಡಾಡುವಾಗ, ಅಪರಾಹ್ನವೆಲ್ಲ ನಾವು ಗುರುತು ಮಾಡಿ ಇರಿಸಿದ್ದ ಮಂಚವು ಅರ್ಧ ಅಡಿ ಸರಿಯುತ್ತದೆ, ಮೂಲೆಯ ಸ್ಟ್ಯಾಂಡಿನ ಮೇಲಿನ ದೀಪ ಯಾರದೋ ಭುಜ ತಗುಲಿ ತಿರುಗುತ್ತದೆ, ನೆಲಕ್ಕೆ ಅಂಟಿಸಿದ ಟೇಪು ಕಿತ್ತುಬರುತ್ತದೆ. ಭಾಷಣಗಳು ಮುಗಿದು ತೆರೆ ಬಿದ್ದು ಮತ್ತೆ ಏಳುವುದರೊಳಗಿನ ಐದು ನಿಮಿಷದಲ್ಲಿ ಇವನ್ನೆಲ್ಲ ಮೊದಲಿನಂತೆ ಮಾಡುವುದು ದುಸ್ಸಾಧ್ಯ. ಸಾಯುವ ಪಾತ್ರವು ಬೆಳಕಿನ ವೃತ್ತದಿಂದ ಅರ್ಧ ಅಡಿ ಆಚೆಗೆ ಸತ್ತರೆ ಪ್ರೇಕ್ಷಕನು ಅದನ್ನು ನಟನ ದೋಷವೆಂದೋ ಬೆಳಕಿನವನ ಅಜಾಗರೂಕತೆಯೆಂದೋ ಎಣಿಸುವನು. ಸಭೆಯನ್ನು ತೆರೆಯ ಮುಂದಣ ಅಂಚಿನಲ್ಲಿ, ಇಲ್ಲವೆ ಸಭಾಂಗಣದ ನೆಲದ ಮೇಲೆಯೇ ನಡೆಸಬಹುದಲ್ಲವೆ? ಕೆಲವು ತಂಡಗಳು ಹಾಗೆ ಮಾಡುತ್ತಿರುವುದನ್ನು ಕಂಡಿದ್ದೇನೆ. ಅದರಿಂದ ಯಾವ ಅತಿಥಿಯ ಗೌರವಕ್ಕೂ ಕುಂದು ಬಂದುದನ್ನು ಕಾಣೆ.

ತಾಂತ್ರಿಕ ತಾಲೀಮೆಂದರೆ ನಟರ ಮಾತುಗಳನ್ನು ಮತ್ತೊಮ್ಮೆ ಕೇಳುವ ತಾಲೀಮಲ್ಲ. ಅದು ಸಂಧಿಗಳ ತಾಲೀಮು. ಒಂದು ದೃಶ್ಯದ ಕಡೆಯ ಎರಡು ಮಾತುಗಳನ್ನು ಆಡಿಸಿ, ಬೆಳಕನ್ನು ಇಳಿಸಿ, ಕತ್ತಲೆಯಲ್ಲಿ ಸಾಮಾನುಗಳನ್ನು ಬದಲಿಸಿ, ಮುಂದಿನ ದೃಶ್ಯದ ಮೊದಲ ಮಾತಿಗೆ ಬೆಳಕನ್ನು ಏರಿಸಿ, ಸರಿಬಂದಿತೆಂದಾದರೆ ಮುಂದಿನ ಕ್ಯೂಗೆ ಹೋಗುವುದು, ಬಾರದಿದ್ದರೆ ಅಲ್ಲಿಯೇ ನಿಲ್ಲಿಸಿ ಮತ್ತೆ ಮೊದಲಿನಿಂದ ಮಾಡುವುದು. ನಟರಿಗೆ ಇದು ಬೇಸರದ ಕೆಲಸ, ಒಪ್ಪಿದೆ. ರಸದ ಏರಿಳಿತಗಳಿಲ್ಲದೆ, ನಿಂತಲ್ಲೇ ನಿಂತು, ಒಂದೇ ವಾಕ್ಯವನ್ನು ನಾಲ್ಕಾರು ಸಲ ಹೇಳಬೇಕಾಗುವುದು. ಆದರೂ ನಾಟಕದ ಕಾಲವೆಂಬುದು ನಿಶ್ಚಿತವಾಗುವುದು ಆ ಹೊತ್ತಿನಲ್ಲಿಯೇ. ಉದಾಹರಣೆಗೆ ಬೆಳಕು ತಟ್ಟನೆ ಆರಿ ರಂಗವೆಲ್ಲ ಕತ್ತಲೆಯಾಗುವ ಒಂದು ಸಂದರ್ಭವನ್ನೇ ಪರಿಭಾವಿಸಿ ನೋಡಿರಿ. ಪ್ರಖರವಾದ ಬೆಳಕಿನಲ್ಲಿದ್ದ ಕಣ್ಣು ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಬೇಕಾದರೆ ಇಪ್ಪತ್ತು ನಿಮಿಷಗಳಿಗೂ ಮೀರಿ ಹಿಡಿಯುವುದು. ನಾವಾದರೋ ನಟನಿಗೆ ಹತ್ತು ಸೆಕೆಂಡುಗಳನ್ನು ಕೊಟ್ಟು, ಒಂದೂವರೆ ಅಡಿ ಎತ್ತರದ ಲೆವೆಲ್ಲಿನಿಂದ ಇಳಿದು, ಎದುರಿನಿಂದ ಕುರ್ಚಿ ಹೊತ್ತು ಬರುವ ಹುಡುಗನನ್ನು ತಪ್ಪಿಸಿಕೊಂಡು, ವಿಂಗಿನ ಸಂದಿಯನ್ನು ಸೇರಬೇಕೆಂದು ಕೇಳುತ್ತೇವೆ. ಒಮ್ಮೆ ಅಭ್ಯಾಸವಾದರೆ ಅವನು ಬೆಳಕು ಆರುವುದಕ್ಕೆ ಮುಂಚೆಯೇ ಒಂದು ಕಣ್ಣನ್ನು ಮುಚ್ಚಿಕೊಂಡು ಅದನ್ನು ಕತ್ತಲೆಗೆ ಸಿದ್ಧಪಡಿಸಲು ಕಲಿಯುತ್ತಾನೆ. ಲೆವೆಲ್ಲಿನ ಅಂಚಿಗೆ ಹೊಳೆಯುವ ಟೇಪಿನ ತುಣುಕನ್ನು ಎಲ್ಲಿ ಅಂಟಿಸಬೇಕೆಂದು ನಮಗೂ ತಿಳಿಯುತ್ತದೆ. ಕುರ್ಚಿಯ ಹುಡುಗನು ಎಡದಿಂದ ಬರಬೇಕೋ ಬಲದಿಂದ ಬರಬೇಕೋ ನಿರ್ಣಯವಾಗುತ್ತದೆ. ಅಭ್ಯಾಸವಿಲ್ಲದಿದ್ದರೆ ನಡೆಯುವುದೇನೆಂದರೆ, ನಟನು ಬೀಳುವ ಭಯದಿಂದ ನಿಧಾನಿಸುತ್ತಾನೆ, ಬೆಳಕಿನವನು ಅವನು ಹೋಗಿರುವನೆಂದು ಎಣಿಸಿ ದೀಪವನ್ನು ಏರಿಸುತ್ತಾನೆ, ತಂದೆಯ ಶವದ ಮುಂದೆ ಮಗಳು ಒಬ್ಬಳೇ ಕುಳಿತಿರಬೇಕಾದ ದೃಶ್ಯದಲ್ಲಿ ಹಿಂದಿನ ದೃಶ್ಯದ ಪೇದೆ ವಿಂಗಿನತ್ತ ಓಡುತ್ತಿರುವುದು ಕಾಣುತ್ತದೆ.

ಬೆಳಕಿನ ವಿಷಯವನ್ನು ಇನ್ನಷ್ಟು ವಿಸ್ತರಿಸಲು ಅಪ್ಪಣೆಯಾಗಬೇಕು, ಏಕೆಂದರೆ ಅದೇ ನನ್ನ ಮುಖ್ಯ ಕಸಬು. ರಂಗವನ್ನು ಆರು ಪ್ರದೇಶಗಳಾಗಿ ವಿಭಾಗಿಸಿಕೊಂಡು, ಒಂದೊಂದಕ್ಕೂ ಎರಡು ಪಕ್ಕಗಳಿಂದ ಸುಮಾರು 45 ಡಿಗ್ರಿಯ ಓರೆಯಲ್ಲಿ, ಒಂದು ಬೆಚ್ಚನೆಯ ಛಾಯೆ, ಇನ್ನೊಂದು ತಂಪಿನ ಛಾಯೆ ಬೀಳುವಂತೆ ಎರಡೆರಡು ದೀಪಗಳನ್ನು ಇಡುವುದು ನಮಗೆಲ್ಲ ಮೊದಲ ಪಾಠ. ಅಮೆರಿಕದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್‌ಲೆಸ್ಸರು 1932ರ ತಮ್ಮ ಪುಸ್ತಕದಲ್ಲಿ ಈ ಕ್ರಮವನ್ನು ಶಾಸ್ತ್ರೀಯವಾಗಿ ನಿರೂಪಿಸಿದರು. ಇದಕ್ಕೇ ಹನ್ನೆರಡು ದೀಪಗಳಾದುವು. ಹಿಂದಿನಿಂದ ಬರುವವು, ಪಕ್ಕದಿಂದ ಬರುವವು, ಸೈಕ್ಲೋರಾಮಾದ ಆಕಾಶವನ್ನು ತುಂಬುವವು, ಒಂದು ಮುಖವನ್ನೇ ಎತ್ತಿಹಿಡಿಯುವವು ಎಂದು ಸೇರಿಸಿದರೆ ಸಾಧಾರಣ ನಾಟಕಕ್ಕೂ ನಾಲ್ವತ್ತು ದೀಪಗಳು ಬೇಕಾಗುವುವು. ಒಬ್ಬನು ಏಣಿಯ ಮೇಲೆ ನಿಂತು ತಿರುಗಿಸುತ್ತಿರಬೇಕು, ಮತ್ತೊಬ್ಬನು ಕೆಳಗೆ ನಟನ ಸ್ಥಾನದಲ್ಲಿ ನಿಂತಿರಬೇಕು. ದೀಪವೊಂದಕ್ಕೆ ಐದು ನಿಮಿಷವೆಂದರೂ ಮೂರು ಗಂಟೆ ಇಪ್ಪತ್ತು ನಿಮಿಷಗಳಾದುವು. ಅದೂ ಏಣಿಗೆ ರಂಗದ ಮೇಲೆ ಜಾಗವಿದ್ದು, ಬಡಗಿಯ ಕೆಲಸ ಮುಗಿದು, ಸಭಾಂಗಣದ ಕಿಟಕಿಗಳಿಗೆ ಪರದೆಯಿದ್ದಾಗ. ಆ ಮೇಲೆ ಒಂದೊಂದು ದೃಶ್ಯಕ್ಕೂ ಯಾವ ದೀಪ ಎಷ್ಟು ಪ್ರಮಾಣದಲ್ಲಿ ಎಂಬುದನ್ನು ನಿರ್ದೇಶಕರ ಜತೆಯಲ್ಲಿ ಕುಳಿತು ನಿರ್ಣಯಿಸಬೇಕು. ಒಂದು ಅಪರಾಹ್ನದಲ್ಲಿ ಇದು ಆಗದು. ಆಗುವುದೇನೆಂದರೆ, ರಂಗವೆಲ್ಲ ಸಮನಾಗಿ ಬೆಳಗುವ ಒಂದು ಸಾಮಾನ್ಯ ವ್ಯವಸ್ಥೆ, ರಾತ್ರಿಗೆ ಒಂದಿಷ್ಟು ನೀಲಿ, ಕ್ರೌರ್ಯಕ್ಕೆ ಒಂದಿಷ್ಟು ಕೆಂಪು. ನಮ್ಮ ಎಷ್ಟೋ ನಾಟಕಗಳ ಬೆಳಕು ಒಂದೇ ಬಗೆಯದಾಗಿ ಕಾಣುವುದಕ್ಕೆ ಕಲ್ಪನೆಯ ದಾರಿದ್ರ್ಯವೇ ಕಾರಣವೆಂದು ವಿಮರ್ಶಕರು ಬರೆದುದುಂಟು. ಕಾಲದ ದಾರಿದ್ರ್ಯವನ್ನು ಅವರು ಕಂಡಂತಿಲ್ಲ.

ಹೊಸ ಎಲ್‌ಇಡಿ ದೀಪಗಳು ಬಂದಮೇಲೆ ಈ ಕೆಲಸವು ಸುಲಭವಾಯಿತೆಂಬ ಭಾವನೆಯೂ ಹರಡಿದೆ. ವಿದ್ಯುತ್ತಿನ ವೆಚ್ಚ ತಗ್ಗಿದುದು, ಶಾಖ ಕಡಿಮೆಯಾದುದು, ಬಣ್ಣದ ಹಾಳೆಗಳನ್ನು ಕತ್ತರಿಸಿ ಸಿಕ್ಕಿಸುವ ಶ್ರಮ ತಪ್ಪಿದುದು ನಿಜ. ಆದರೆ ಹಳೆಯ ಹ್ಯಾಲೊಜನ್ ದೀಪವನ್ನು ಮೆಲ್ಲನೆ ಇಳಿಸಿದಾಗ ಅದರ ಬೆಳಕು ತಗ್ಗಿದಂತೆಲ್ಲ ಕೆಂಪೇರುತ್ತ, ಸಂಜೆಯೊಂದು ತಾನಾಗಿ ಕವಿಯುವಂತೆ ಆರುತ್ತಿದ್ದಿತು. ಎಲ್‌ಇಡಿಯು ತಗ್ಗುವಾಗ ತನ್ನ ಬಣ್ಣವನ್ನು ಬದಲಿಸದು, ಆದುದರಿಂದ ಆ ಸಂಜೆಯನ್ನು ನಾವೇ ಬಣ್ಣದ ಮೇಲೆ ಬಣ್ಣ ಕೂಡಿಸಿ ರಚಿಸಬೇಕಾಗಿರುವುದು. ನಟಿಯ ಸೀರೆಯ ಕೆಂಪು ಹಸಿರು ಬೆಳಕಿನಲ್ಲಿ ಕಪ್ಪಾಗುವುದೆಂಬುದೂ, ಕೆನ್ನೆಗೆ ಹಚ್ಚಿದ ಬಣ್ಣವು ಗ್ರೀನ್ ರೂಮಿನ ಕನ್ನಡಿಯ ಮುಂದೆ ಒಂದು ಬಗೆಯಾಗಿಯೂ ರಂಗದ ಮೇಲೆ ಬೇರೊಂದು ಬಗೆಯಾಗಿಯೂ ಕಾಣುವುದೆಂಬುದೂ ವಸ್ತ್ರದವರು, ಪ್ರಸಾಧನದವರು, ಬೆಳಕಿನವರು ಮೂವರೂ ಒಟ್ಟಿಗೆ ನಿಂತು ನೋಡಿದ ಹೊರತು ಗೊತ್ತಾಗುವ ಸಂಗತಿಗಳಲ್ಲ.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ನಮಗಿಂತ ಉದಾರಿಗಳಾಗಿದ್ದರು. ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಸಾತ್ತ್ವಿಕ, ಆಹಾರ್ಯವೆಂದು ನಾಲ್ಕಾಗಿ ವಿಂಗಡಿಸಿದಾಗ ವೇಷಭೂಷಣ ರಂಗಪರಿಕರಗಳನ್ನೊಳಗೊಂಡ ಆಹಾರ್ಯವನ್ನು ಅಭಿನಯದ ಅಲಂಕಾರವೆಂದು ಹೊರಗಿಡದೆ ಅಭಿನಯವೆಂದೇ ಒಳಗೆ ಸೇರಿಸಿದನು. ಯಂತ್ರಸೂತ್ರಗಳಿಂದ ಚಲಿಸುವ ಪರಿಕರಗಳಿಗೆ ವ್ಯಾಜಿಮವೆಂದು ಪ್ರತ್ಯೇಕ ವರ್ಗವನ್ನೇ ಮಾಡಿದನು. ನಾಟ್ಯಶಾಸ್ತ್ರದ ಕೊನೆಯ ಭಾಗದಲ್ಲಿ ನಾಟ್ಯಮಂಡಲಿಯ ಸದಸ್ಯರನ್ನು ಹೆಸರಿಸುವ ಕಡೆ ಸೂತ್ರಧಾರ, ವಿದೂಷಕರ ಜತೆಯಲ್ಲಿಯೇ ಕಿರೀಟ ಮಾಡುವವನು, ಆಭರಣ ಮಾಡುವವನು, ಮಾಲೆ ಕಟ್ಟುವವನು, ವೇಷ ಕಟ್ಟುವವನು, ಚಿತ್ರಕಾರ, ಬಟ್ಟೆಗಳನ್ನು ನೋಡಿಕೊಳ್ಳುವ ರಜಕ ಇವರೆಲ್ಲರೂ ಬರುತ್ತಾರೆ. ಇನ್ನು ಮಂಟಪದ ಅಳತೆಯನ್ನು ನೋಡಿರಿ. 64 ಹಸ್ತ ಉದ್ದ, 32 ಹಸ್ತ ಅಗಲದ ನಾಟ್ಯಗೃಹವನ್ನು ಎರಡಾಗಿ ಭಾಗಿಸಿ ಮುಂದಿನ ಅರ್ಧವನ್ನು ಪ್ರೇಕ್ಷಕರಿಗೆ ಕೊಟ್ಟು, ಹಿಂದಿನ ಅರ್ಧವನ್ನು ಮತ್ತೆ ಎರಡಾಗಿ ಭಾಗಿಸಿ ಒಂದು ಪಾಲನ್ನು ರಂಗಕ್ಕೂ ಮತ್ತೊಂದು ಪಾಲನ್ನು ನೇಪಥ್ಯಗೃಹಕ್ಕೂ ವಿಧಿಸಿದುದರಿಂದ, ಇಡೀ ಕಟ್ಟಡದ ಕಾಲುಭಾಗವು ನೇಪಥ್ಯದ್ದಾಯಿತು. ಇಂದು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ರಂಗಮಂದಿರಗಳೆಂಬ ಹೆಸರಿನಿಂದ ಕಟ್ಟಿರುವ ಎಷ್ಟೋ ಭವನಗಳು ಸಭೆ ಸನ್ಮಾನಗಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದವು. ವಿಂಗಿನಲ್ಲಿ ಇಬ್ಬರು ಒಟ್ಟಿಗೆ ನಿಲ್ಲಲಾಗದು, ಮೇಲೆ ದೀಪ ಕಟ್ಟಲು ಬಾರು ಇಲ್ಲ, ನೆಲಕ್ಕೆ ನಯವಾದ ಟೈಲ್ಸು ಹಾಕಿರುವುದರಿಂದ ಒಂದು ಮೊಳೆ ಹೊಡೆಯುವಂತಿಲ್ಲ. ಹೀಗಿರುವಲ್ಲಿ ಬಿದಿರನ್ನೋ ಕಬ್ಬಿಣದ ಕೊಳವೆಯನ್ನೋ ತಂದು ನಾವೇ ಆಧಾರಗಳನ್ನು ಕಟ್ಟಿಕೊಳ್ಳಬೇಕಾಗುವುದರಿಂದ ಮುಂಚಿನ ದಿನದ ಅಗತ್ಯವು ದೊಡ್ಡ ನಗರಗಳಿಗಿಂತ ಸಣ್ಣ ಊರುಗಳಲ್ಲಿಯೇ ಹೆಚ್ಚು.

ವೃತ್ತಿನಾಟಕ ಕಂಪನಿಗಳ ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಕಂಪನಿಯು ಒಂದು ಊರಿನಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡುತ್ತಿದ್ದಿತು. ಥಿಯೇಟರು ಅದರದೇ, ರಂಗವೂ ಅದರದೇ. ಪರದೆ ಬರೆಯುವವರು, ಪರದೆ ಎಳೆಯುವವರು, ಸೀನು ಕಟ್ಟುವ ಬಡಗಿಗಳು ನಟರೊಡನೆ ಒಂದೇ ಪಂಕ್ತಿಯಲ್ಲಿ ಉಂಡು ಒಂದೇ ಮಂಡಲಿಯಾಗಿ ಬದುಕುತ್ತಿದ್ದರು. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯು ವೀರಣ್ಣನವರ ನೇತೃತ್ವದಲ್ಲಿ ಆಡಿದ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳು ರಂಗಕ್ಕೆ ಬರುತ್ತಿದ್ದುದನ್ನು ನಮ್ಮ ಹಿರಿಯರು ಬಣ್ಣಿಸುತ್ತಿದ್ದರು. ಆನೆಯ ಭಾರವನ್ನು ತಡೆಯುವಂತೆ ಹಲಗೆಗಳನ್ನು ಹಾಸಿದವರು ಯಾರು, ಮದ್ದಿನ ಸದ್ದಿಗೆ ಬೆದರದಂತೆ ಕುದುರೆಗಳನ್ನು ಹಿಂದೆ ಹಿಡಿದು ನಿಂತವರು ಯಾರು ಎಂಬುದನ್ನು ಬಣ್ಣಿಸಿದವರನ್ನು ನಾನು ಕಂಡಿಲ್ಲವಾದರೂ, ಅಂಥವರು ನಿತ್ಯ ಅದೇ ನೆಲದ ಮೇಲೆ ಕೆಲಸ ಮಾಡುತ್ತಿದ್ದುದರಿಂದಲೇ ಅಂಥ ಸಾಹಸವು ಸಾಧ್ಯವಾಯಿತೆಂಬುದರಲ್ಲಿ ಸಂದೇಹವಿಲ್ಲ. ಅಷ್ಟೇ ಅಲ್ಲ, ಕಂಪನಿ ನಾಟಕದ ರಚನೆಯೇ ನೇಪಥ್ಯದ ಅಗತ್ಯಗಳನ್ನು ಒಳಗೊಂಡಿದ್ದಿತು. ರಸ್ತೆಯ ಪರದೆಯನ್ನು ಮುಂದೆ ಇಳಿಸಿ ಅದರ ಎದುರಿನಲ್ಲಿ ಹಾಸ್ಯದ ಪ್ರವೇಶವೊಂದು ನಡೆಯುತ್ತಿರುವಾಗ, ಅದರ ಹಿಂದೆ ಅರಮನೆಯ ದರ್ಬಾರು ಸದ್ದಿಲ್ಲದೆ ಸಜ್ಜಾಗುತ್ತಿದ್ದಿತು. ನಾಟಕ ಬರೆಯುವ ಕವಿಗೆ ಸೀನು ಕಟ್ಟುವವನ ಹತ್ತು ನಿಮಿಷಗಳ ಲೆಕ್ಕವು ಗೊತ್ತಿದ್ದಿತು.

ಹವ್ಯಾಸಿ ರಂಗಭೂಮಿಯು ಆ ಬಣ್ಣದ ಪರದೆಗಳನ್ನು ತ್ಯಜಿಸಿದುದು ಸರಿಯಾಗಿಯೇ ಇದ್ದಿತು. ಕೈಲಾಸಂ ಅವರು ಮಧ್ಯಮವರ್ಗದ ಮನೆಯ ನಡುಮನೆಯನ್ನು ರಂಗಕ್ಕೆ ತಂದಾಗ ಅಲ್ಲಿ ದರ್ಬಾರಿನ ಸೀನಿಗೆ ಕೆಲಸವಿರಲಿಲ್ಲ. 1963ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರವು ಬಾಗಿಲು ತೆರೆದು, 1972ರಲ್ಲಿ ಬಿ. ವಿ. ಕಾರಂತರು ಅದರ ಹಿಂದಣ ಬಯಲಿನಲ್ಲಿ ‘ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ಗಳನ್ನು ಆಡಿಸಿದಮೇಲೆ ನಮ್ಮ ನಾಟಕಗಳ ದೃಷ್ಟಿಯೇ ಬದಲಾಯಿತು, ಬೆಳಕು, ಬಯಲು, ಮಟ್ಟಗಳು, ಸಂಗೀತ ಇವುಗಳಿಂದಲೇ ಲೋಕವೊಂದನ್ನು ಕಟ್ಟಬಹುದೆಂಬುದನ್ನು ನಾವು ಕಂಡುಕೊಂಡೆವು. ಆದರೆ ಪರದೆಯನ್ನು ಬಿಟ್ಟಾಗ ಪರದೆ ಎಳೆಯುವವನು ಮಂಡಲಿಯಲ್ಲಿ ಪಡೆದಿದ್ದ ಸ್ಥಾನವನ್ನೂ ನಾವು ಬಿಟ್ಟುಬಿಟ್ಟೆವು. ಅವನು ಮನೆಯವನಾಗಿದ್ದವನು, ಪ್ರದರ್ಶನದ ದಿನ ಕರೆಯಿಸಿಕೊಳ್ಳುವ ಬಾಡಿಗೆಯವನಾದನು. ಬೆಳಕಿನ ಮೇಲೆ ಹಿಂದೆಂದಿಗಿಂತಲೂ ಹೆಚ್ಚಾಗಿ ಅವಲಂಬಿಸಿದ ರಂಗಭೂಮಿಯು ಬೆಳಕಿನವನಿಗೆ ಹಿಂದೆಂದಿಗಿಂತಲೂ ಕಡಿಮೆ ಕಾಲವನ್ನು ಕೊಡುವಂತಾದುದು ನನಗೆ ಬಹುಕಾಲದಿಂದ ವ್ಯಥೆಯನ್ನುಂಟುಮಾಡಿರುವ ಸಂಗತಿ.

ಬಂಗಾಳದ ತಾಪಸ ಸೇನರ ಹೆಸರನ್ನು ತಾವೆಲ್ಲರೂ ಕೇಳಿಯೇ ಇರುವಿರಿ. ಕಲ್ಲಿದ್ದಲ ಗಣಿಯೊಳಗೆ ಸಿಕ್ಕಿಬಿದ್ದ ಕಾರ್ಮಿಕರ ಸುತ್ತ ನೀರು ಏರುತ್ತ ಏರುತ್ತ ಅವರನ್ನು ಮುಳುಗಿಸುವ ದೃಶ್ಯವನ್ನು ‘ಅಂಗಾರ್’ ನಾಟಕದಲ್ಲಿ ಅವರು ಕೇವಲ ಬೆಳಕಿನಿಂದ ಸೃಷ್ಟಿಸಿದರೆಂಬುದು ಭಾರತೀಯ ರಂಗಭೂಮಿಯ ಇತಿಹಾಸದಲ್ಲಿ ಉಳಿದಿರುವ ಮಾತು. ಅದನ್ನು ಅವರ ಪ್ರತಿಭೆಯ ಪವಾಡವೆಂದು ಹೊಗಳುವವರು ಇನ್ನೊಂದು ಸಂಗತಿಯನ್ನು ಗಮನಿಸುವುದಿಲ್ಲ. 1959ರಲ್ಲಿ ಉತ್ಪಲ ದತ್ತರ ಲಿಟಲ್ ಥಿಯೇಟರ್ ಗ್ರೂಪ್ ಕಲಕತ್ತೆಯ ಮಿನರ್ವಾ ರಂಗಮಂದಿರವನ್ನು ಗುತ್ತಿಗೆಗೆ ಹಿಡಿದಿದ್ದಿತು. ಅದೇ ವರುಷದ ಡಿಸೆಂಬರಿನಲ್ಲಿ ‘ಅಂಗಾರ್’ ಅದೇ ರಂಗದ ಮೇಲೆ ಬಂದಿತು. ಯಾವ ನೆಲದ ಮೇಲೆ ನಾಟಕವು ನಡೆಯಬೇಕೋ ಆ ನೆಲವು ತಮ್ಮ ಕೈಯಲ್ಲಿದ್ದುದರಿಂದಲೇ ದೀಪವನ್ನು ಇಲ್ಲಿ ಇಟ್ಟು ನೋಡಿ, ಅಲ್ಲಿ ಇಟ್ಟು ನೋಡಿ, ಬೇಡವೆಂದು ತೆಗೆದು, ಮತ್ತೊಂದು ವಿಧದಿಂದ ಪ್ರಯತ್ನಿಸುವ ಅವಕಾಶ ಆ ಮಹನೀಯರಿಗೆ ಒದಗಿದ್ದಿತು. ನಮ್ಮಲ್ಲಿಯೂ ಅಂಥ ಕೈಗಳು ಇರಬಹುದು. ಬೆಳಿಗ್ಗೆ ಹತ್ತಕ್ಕೆ ಒಳಹೋಗಿ ಸಂಜೆ ಏಳಕ್ಕೆ ಪ್ರದರ್ಶನ ಕೊಡಬೇಕಾದ ರಂಗದ ಮೇಲೆ ಅವು ಪ್ರಕಟವಾಗುವ ಬಗೆ ಹೇಗೆ?

ಎರಡು ದಿನದ ಬಾಡಿಗೆಗೆ ಹಣವೆಲ್ಲಿದೆ ಎಂಬ ತಮ್ಮ ಪ್ರಶ್ನೆಯನ್ನು ನಾನು ಬಲ್ಲೆ. ಟಿಕೆಟ್ಟಿನ ಹಣದಿಂದ ಹಾಲಿನ ಬಾಡಿಗೆಯೇ ಹುಟ್ಟದೆ, ಕೈಯಿಂದ ಹಣ ಹಾಕಿ ನಾಟಕವಾಡುವ ಸಂಚಾಲಕರ ಸಂಕಟವನ್ನು ಹತ್ತಿರದಿಂದ ನೋಡಿದವನಾದ ನಾನು ಅದನ್ನು ಲಘುವಾಗಿ ಎಣಿಸಲಾರೆ. ಆದರೆ ಈ ಕೊರತೆಯನ್ನು ನಿವಾರಿಸಿಕೊಂಡ ಮಾದರಿಗಳು ನಮ್ಮ ಕಣ್ಣೆದುರಿಗಿವೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ 1985ರಿಂದ ನಡೆಸಿಕೊಂಡು ಬಂದಿರುವ ತಿರುಗಾಟವು ಊರಿಂದೂರಿಗೆ ಸಂಚರಿಸುವಾಗ ಎಲ್ಲಿಯೂ ಎರಡು ದಿನ ಮೊದಲೇ ಹೋಗಿ ಕೂಡುವುದಿಲ್ಲ. ಸಜ್ಜಿಕೆ, ದೀಪಗಳನ್ನು ತನ್ನ ವಾಹನದಲ್ಲಿಯೇ ಒಯ್ದು, ನಟನಟಿಯರೇ ಇಳಿಸಿ, ಕಟ್ಟಿ, ಆಡಿ, ಬಿಚ್ಚಿ, ಮತ್ತೆ ಹೇರುತ್ತಾರೆ. ಅದು ಸಾಧ್ಯವಾದುದು ಹೇಗೆಂದರೆ, ಹೊರಡುವುದಕ್ಕೆ ಮುಂಚೆ ತಮ್ಮ ಸ್ವಂತ ರಂಗದ ಮೇಲೆ ದೀಪ ಸಜ್ಜಿಕೆಗಳ ಸಮೇತ ನಾಟಕವು ಸಿದ್ಧವಾಗಿರುತ್ತದೆ, ಎಲ್ಲಿ ಬೇಕಾದರೂ ನಿಲ್ಲುವಂತೆ ವಿನ್ಯಾಸವನ್ನು ಮೊದಲೇ ಯೋಚಿಸಿರುತ್ತಾರೆ, ಯಾರ ಕೈ ಯಾವ ಕೆಲಸಕ್ಕೆ ಎಂಬುದು ನಿಶ್ಚಿತವಾಗಿರುತ್ತದೆ. ಹಣದಿಂದ ಕೊಳ್ಳಲಾಗದ ದಿನವನ್ನು ಅವರು ಒಟ್ಟಿಗೆ ಬಾಳಿ ಗಳಿಸಿಕೊಂಡರು. ಇನ್ನೊಂದು ತುದಿಯ ಉದಾಹರಣೆಯನ್ನು ಹೇಳುವುದಾದರೆ, 2010ರಲ್ಲಿ ಮೈಸೂರಿನ ರಂಗಾಯಣವು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಇರುಳಿಡೀ ಆಡಿದಾಗ, ಪ್ರೇಕ್ಷಕರು ಒಂದು ರಂಗದಿಂದ ಮತ್ತೊಂದು ರಂಗಕ್ಕೆ ನಡೆದು ಹೋಗುತ್ತಿದ್ದರು. ಅವರು ಬರುವುದರೊಳಗೆ ಅಲ್ಲಿ ದೀಪಗಳು ಕಾದಿರಬೇಕು, ಅವರು ಬಿಟ್ಟುಹೋದಲ್ಲಿ ಮುಂದಿನ ದೃಶ್ಯಕ್ಕೆ ಸಿದ್ಧತೆ ನಡೆಯಬೇಕು. ನೇಪಥ್ಯದವರ ಪೂರ್ವಾಭ್ಯಾಸವಿಲ್ಲದೆ ಅಂಥ ಒಂದು ಇರುಳು ಬೆಳಗಾಗುವುದು ಅಸಾಧ್ಯವಾಗಿದ್ದಿತು.

ಪ್ರತಿ ತಂಡಕ್ಕೂ ಸ್ವಂತ ರಂಗವಿರಬೇಕೆಂದು ನಾನು ಹೇಳಲಾರೆ. ಆದರೆ ನಿರ್ದೇಶಕರೇ, ಹಣ ಬೇಕಿಲ್ಲದ ಎರಡು ಕೆಲಸಗಳನ್ನು ತಾವು ನಾಳೆಯಿಂದಲೇ ಮಾಡಬಹುದು. ನಾಟಕದ ಮೊದಲ ವಾಚನಕ್ಕೆ ನಟರನ್ನು ಕರೆಯುವಾಗ ಬೆಳಕಿನವನನ್ನೂ ಸಜ್ಜಿಕೆಯವನನ್ನೂ ಕರೆಯಿರಿ. ಕೃತಿಯನ್ನು ನಿಮ್ಮ ಬಾಯಿಂದ ಮೊದಲ ಸಲ ಕೇಳಿದವನಿಗೆ ಮೂಡುವ ಚಿತ್ರವು, ಪ್ರದರ್ಶನದ ಹಿಂದಿನ ರಾತ್ರಿ ಫೋನಿನಲ್ಲಿ ಕಥೆಯನ್ನು ಕೇಳಿ ತಿಳಿದವನಿಗೆ ಮೂಡಲಾರದು. ಎರಡನೆಯದಾಗಿ, ತಾಲೀಮಿನ ಕೊಠಡಿಯ ನೆಲದ ಮೇಲೆ ಆಡಬೇಕಾದ ರಂಗದ ನಿಜವಾದ ಅಳತೆಯನ್ನು ಸೀಮೆಸುಣ್ಣದಿಂದ ಗೆರೆ ಹಾಕಿರಿ. ಹದಿನೈದು ಅಡಿಯ ಕೊಠಡಿಯಲ್ಲಿ ಮೂರು ಹೆಜ್ಜೆಗೆ ಮುಗಿಯುವ ಪ್ರವೇಶವು ಮೂವತ್ತು ಅಡಿ ಅಗಲದ ರಂಗದ ಮೇಲೆ ಏಳು ಹೆಜ್ಜೆಯಾಗುವುದು. ಆ ನಾಲ್ಕು ಹೆಚ್ಚಿನ ಹೆಜ್ಜೆಗಳಿಗೆ ಮಾತು ಸಾಲದೆ ನಟನು ಮೌನವಾಗಿ ನಡೆಯುತ್ತಿರುವಾಗ, ಮಾತಿನ ಕೊನೆಗೆ ಬರೆದಿಟ್ಟ ಕ್ಯೂ ಎಲ್ಲಿಯೋ ಜಾರಿಹೋಗಿರುತ್ತದೆ.

ಈಗ ಹೇಳಲಿರುವುದು ಪ್ರಾಣಕ್ಕೆ ಸಂಬಂಧಿಸಿದುದಾದುದರಿಂದ ಇದನ್ನು ನೇರವಾಗಿಯೇ ಹೇಳುತ್ತೇನೆ. ಸಾವಿರ ವ್ಯಾಟಿನ ಒಂದು ದೀಪವು 230 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗೂ ಮಿಕ್ಕಿ ಎಳೆಯುವುದು. ಹದಿನೈದು ಆಂಪಿಯರಿನ ಒಂದು ಸಾಕೆಟ್ಟಿಗೆ ಅಂಥ ಮೂರು ದೀಪಗಳಿಗಿಂತ ಹೆಚ್ಚನ್ನು ಜೋಡಿಸಕೂಡದು. ಕಾಲಾವಕಾಶವಿಲ್ಲದ ಸಂಜೆಗಳಲ್ಲಿ ನಾಲ್ಕನೆಯದನ್ನೂ ಐದನೆಯದನ್ನೂ ಜೋಡಿಸುವ ಒತ್ತಡವು ನಮ್ಮ ಮೇಲೆ ಬರುತ್ತದೆ. ಯಾರೂ ಕೆಳಗೆ ಹಿಡಿದುಕೊಳ್ಳದ ಏಣಿಯನ್ನು ಹತ್ತುವುದು, ಮುಖ್ಯ ಸ್ವಿಚ್ಚನ್ನು ಆರಿಸದೆ ತಂತಿ ಸೇರಿಸುವುದು, ಹಿಂಬಾಗಿಲಿಗೆ ಅಡ್ಡಲಾಗಿ ಖಾಲಿ ಪೆಟ್ಟಿಗೆಗಳನ್ನು ಪೇರಿಸುವುದು ಇವೆಲ್ಲವೂ ಅವಸರದ ಸಂತಾನಗಳೇ. ಒಂದು ಊರಿನಲ್ಲಿ ನಮ್ಮ ಜತೆಯ ಹುಡುಗನೊಬ್ಬನು ಹೀಗೆ ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಾಗ, ಆ ರಾತ್ರಿಯ ನಾಟಕವು ನಿಲ್ಲಲಿಲ್ಲ. ಅವನ ಚಿಕಿತ್ಸೆಯ ವೆಚ್ಚವನ್ನು ನಾವು ಕೆಲಸಗಾರರೇ ನಮ್ಮೊಳಗೆ ಕೂಡಿಹಾಕಿ ಕೊಟ್ಟೆವು. 1903ರ ಡಿಸೆಂಬರಿನಲ್ಲಿ ಷಿಕಾಗೋ ನಗರದ ಇರಕ್ವಾಯ್ ರಂಗಮಂದಿರದಲ್ಲಿ ದೀಪವೊಂದರ ಕಿಡಿಯು ಪರದೆಗೆ ತಗುಲಿ, ಬೆಂಕಿಯನ್ನು ತಡೆಯಬೇಕಾಗಿದ್ದ ತೆರೆಯು ಅರ್ಧದಲ್ಲಿಯೇ ಸಿಕ್ಕಿಕೊಂಡು, ಬಾಗಿಲುಗಳು ತೆರೆಯದೆ ಆರುನೂರಕ್ಕೂ ಹೆಚ್ಚು ಜನರು ಮಡಿದರು. ಆ ಕಟ್ಟಡವು ತೆರೆದು ಕೆಲವೇ ವಾರಗಳಾಗಿದ್ದುವು. ನಮ್ಮ ಹಾಲುಗಳಲ್ಲಿ ಅಗ್ನಿಶಾಮಕದ ಸಿಲಿಂಡರುಗಳು ಗೋಡೆಯ ಮೇಲೆ ಇವೆ. ಅವನ್ನು ಇಳಿಸಿ ಉಪಯೋಗಿಸಲು ಬಲ್ಲವರು ಆ ಸಂಜೆ ವಿಂಗಿನಲ್ಲಿರುವರೆ ಎಂದು ಮುಂಚಿನ ದಿನವಿದ್ದರೆ ಮಾತ್ರ ವಿಚಾರಿಸಲು ವ್ಯವಧಾನವಿರುತ್ತದೆ.

ಗೌರವ, ಸಂಭಾವನೆಗಳ ವಿಷಯವಾಗಿ ಹೆಚ್ಚು ಬರೆಯಲಾರೆ. ಬೆಳಕಿಗೆ ವಿ. ರಾಮಮೂರ್ತಿ, ಸಜ್ಜಿಕೆಗೆ ಶಶಿಧರ ಅಡಪ ಎಂಬಂಥ ಹೆಸರುಗಳನ್ನು ಕರಪತ್ರದಲ್ಲಿ ಓದಿ ಜನರು ನಾಟಕಕ್ಕೆ ಬಂದುದೂ ಉಂಟು. ವಿನ್ಯಾಸಕಾರರಿಗೆ ಆ ಮನ್ನಣೆಯು ಸಂದಿದೆ. ಅವರ ವಿನ್ಯಾಸವನ್ನು ಕೈಯಿಂದ ನಡೆಸುವವರು, ಕೇಬಲ್ಲು ಎಳೆಯುವವರು, ಇಸ್ತ್ರಿ ಹಾಕುವವರು, ಪ್ರಾಪರ್ಟಿಯ ಪೆಟ್ಟಿಗೆ ಕಾಯುವವರು ಇವರ ಹೆಸರು ‘ಮತ್ತು ಗೆಳೆಯರು’ ಎಂಬ ಮಾತಿನೊಳಗೆ ಅಡಗುವುದು. ಅವರು ಊಟದ ಹೊತ್ತಿಗೆ ಊಟ ಮಾಡುವಂತಾಗಲಿ, ನಾಟಕ ಮುಗಿದಮೇಲೆ ರಾತ್ರಿ ಒಂದು ಗಂಟೆಗೆ ಸಜ್ಜಿಕೆಯನ್ನು ಹೇರಿ ಕಳಿಸಿದವರಿಗೆ ಮನೆಗೆ ಹೋಗಲು ವಾಹನದ ಅನುಕೂಲವಿರಲಿ. ಹೆಣ್ಣುಮಕ್ಕಳು ಈಗ ಈ ಕೆಲಸಕ್ಕೆ ಬರುತ್ತಿದ್ದಾರೆ. ಬಹು ಸಂತೋಷದ ಸಂಗತಿ. ಅವರನ್ನು ಉಳಿಸಿಕೊಳ್ಳಬೇಕಾದರೆ ಈ ವಾಹನದ ಅನುಕೂಲವು ತೀರ ಅವಶ್ಯ.

ಇನ್ನು ರಂಗಮಂದಿರಗಳ ಆಡಳಿತಗಾರರಲ್ಲಿಯೂ ತಮ್ಮ ಮೂಲಕವಾಗಿ ಒಂದು ವಿಜ್ಞಾಪನೆ. ಪ್ರೇಕ್ಷಕರಿಲ್ಲದ, ಸಭಾಂಗಣದ ದೀಪಗಳೂ ಏರ್‌ಕಂಡಿಷನ್ನೂ ಬೇಕಿಲ್ಲದ ಆ ಹಿಂದಿನ ದಿನಕ್ಕೆ ಪ್ರದರ್ಶನದ ದಿನದಷ್ಟೇ ಬಾಡಿಗೆಯನ್ನು ವಿಧಿಸುವುದು ನ್ಯಾಯವಲ್ಲ. ಸಜ್ಜಿಕೆ ಹಾಗೂ ತಾಂತ್ರಿಕ ತಾಲೀಮಿನ ದಿನವೆಂದು ಪ್ರತ್ಯೇಕ ದರವೊಂದನ್ನು, ಪೂರ್ಣ ಬಾಡಿಗೆಯ ಕಾಲುಭಾಗಕ್ಕೆ ಮೀರದಂತೆ, ಗೊತ್ತುಮಾಡಬೇಕೆಂದು ತಾವೆಲ್ಲರೂ ಒಟ್ಟಾಗಿ ಕೇಳಿದರೆ ಅದನ್ನು ನಿರಾಕರಿಸುವುದು ಅವರಿಗೂ ಸುಲಭವಾಗಲಾರದು. ಒಂದೊಂದು ತಂಡವು ಪ್ರತ್ಯೇಕವಾಗಿ ಕೇಳುವುದರಿಂದಲೇ ಇದುವರೆಗೆ ಫಲ ದೊರೆತಿಲ್ಲ. ಒಂದೇ ಊರಿನ ಎರಡು ತಂಡಗಳು ಸೇರಿಕೊಂಡು ಮೂರು ದಿನಗಳಿಗೆ ಹಾಲು ಹಿಡಿದು, ಮೊದಲ ದಿನವನ್ನು ಎರಡೂ ನಾಟಕಗಳ ದೀಪವ್ಯವಸ್ಥೆಗೆ ಹಂಚಿಕೊಳ್ಳುವುದೂ ಒಂದು ಉಪಾಯ. ನಾಲ್ವತ್ತು ದೀಪಗಳಲ್ಲಿ ಮೂವತ್ತು ಎರಡಕ್ಕೂ ಒದಗುವಂತೆ ಕಟ್ಟಿಕೊಡುವುದು ನಮ್ಮಿಂದ ಆಗದ ಕೆಲಸವಲ್ಲ.

ಮಳೆಗಾಲ ಮುಗಿದೊಡನೆ ನಾಟಕೋತ್ಸವಗಳ ಅರ್ಜಿಗಳನ್ನು ತಾವು ಬರೆಯತೊಡಗುವಿರಿ. ಈ ವರುಷದ ಅರ್ಜಿಯಲ್ಲಿ ದಿನಾಂಕದ ಎದುರಿಗೆ ಒಂದರ ಬದಲು ಎರಡನ್ನು ಬರೆಯಿರಿ. ಮೊದಲನೆಯದರ ಮುಂದೆ ‘ತಾಂತ್ರಿಕ ತಾಲೀಮು’ ಎಂದು ಸ್ಪಷ್ಟವಾಗಿ ನಮೂದಿಸಿರಿ. ಆ ದಿನ ಬೆಳಗ್ಗೆ ಎಂಟಕ್ಕೆ ಬಾಗಿಲು ತೆರೆಯುವ ಏರ್ಪಾಟು ಮಾಡಿ ನಮಗೆ ತಿಳಿಸಿದರೆ, ಅಪರಾಹ್ನ ಮೂರಕ್ಕೆ ಸಜ್ಜಿಕೆ ನಿಲ್ಲಿಸಿ, ಸಂಜೆ ಏಳಕ್ಕೆ ದೀಪಗಳನ್ನು ಹೊಂದಿಸಿಟ್ಟು, ನಟರಿಗಾಗಿ ರಂಗವನ್ನು ಬಿಟ್ಟುಕೊಡುವ ಹೊಣೆ ನಮ್ಮದು. ಏಳರ ಹೊತ್ತಿಗೆ ಅವರು ವೇಷದಲ್ಲಿ ಬರಲಿ, ಪಾದರಕ್ಷೆಗಳ ಸಮೇತವಾಗಿ. ನಾವು ಮೊದಲ ಕ್ಯೂನಿಂದ ಪ್ರಾರಂಭಿಸೋಣ.

ಇತಿ ತಮ್ಮ ವಿಶ್ವಾಸಿ,
ನೇಪಥ್ಯದ ಒಬ್ಬ ಕೆಲಸಗಾರ